ಬಿಲ್ಕೀಸ್ ಕೈಯ ಏರಿಳಿತ

ಕೆ.ಆರ್. ಪುರದ ಆ ಶೆಡ್ಡಿನಲ್ಲಿ ಪಂಪುಗಳಿಗೆ ಹಾಕುವ ರಬ್ಬರ್ ವಾಷರ್ ತಯಾರಾಗುತ್ತಿತ್ತು. ಅಚ್ಚಿನಿಂದ ಬಂದ ವಾಷರಿನ ಅಂಚಿಗೆ ಅಂಟಿಕೊಂಡ ಹೆಚ್ಚಿನ ರಬ್ಬರನ್ನು ಬ್ಲೇಡಿನಿಂದ ಕತ್ತರಿಸುವುದು ಹೆಂಗಸರ ಕೆಲಸ. ಒಬ್ಬೊಬ್ಬರೂ ತಮ್ಮ ಮೇಜಿನಲ್ಲೇ ವಾಷರನ್ನು ಪೂರ್ತಿ ಮುಗಿಸುತ್ತಿದ್ದರು. ಮಾಲೀಕ ವಸಂತ್‌ಗೆ ಅದನ್ನು ಬದಲಿಸುವ ಮನಸ್ಸಾಯಿತು. ಒಬ್ಬರು ಹೊರ ಅಂಚು, ಪಕ್ಕದವರು ಒಳ ಅಂಚು ಕತ್ತರಿಸಿ, ವಾಷರ್ ಕೈಯಿಂದ ಕೈಗೆ ಸಾಗಬೇಕು.

“ಲೈನಲ್ಲಿ ಒಬ್ರು ನಿಂತ್ರೆ ಎಲ್ರೂ ನಿಲ್ತಾರೆ ಸರ್,” ಎಂದು ಎಂಜಿನಿಯರ್ ಪೂಜಿತಾ ಎಚ್ಚರಿಸಿದಳು. “ಸರಾಸರಿ ನೋಡಿದ್ರೆ ಸಾಲಲ್ಲ. ಯಾರ ಟೈಮ್ ಎಷ್ಟು ಹೆಚ್ಚುಕಮ್ಮಿ ಆಗತ್ತೆ ಅಂತ ಮೊದಲು ನೋಡ್ಬೇಕು.”

“ನೋಡಿ ಹೇಳಿ. ಆಮೇಲೆ ಡಿಸೈಡ್ ಮಾಡೋಣ.”

ಪೂಜಿತಾ ಸ್ಟಾಪ್‌ವಾಚ್ ಹಿಡಿದು ಮೇಜುಗಳ ನಡುವೆ ನಿಂತಳು. ಎಲ್ಲರ ಸರಾಸರಿಯೂ ಹೆಚ್ಚುಕಡಿಮೆ ಒಂದೇ. ಆದರೆ ಶಿವಾಜಿನಗರದಿಂದ ಬಸ್ಸಿನಲ್ಲಿ ಬರುತ್ತಿದ್ದ, ಎಲ್ಲರಿಗಿಂತ ಹಿರಿಯಳಾದ ಬಿಲ್ಕೀಸ್ ಕೆಲವು ವಾಷರುಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತಿದ್ದಳು, ಕೆಲವಕ್ಕೆ ಅದರ ಮೂರು ಪಟ್ಟು ಹೊತ್ತು ತೆಗೆದುಕೊಳ್ಳುತ್ತಿದ್ದಳು. ಗ್ರಾಫಿನಲ್ಲಿ ಬೇರೆಯವರ ಚುಕ್ಕಿಗಳು ಒತ್ತೊತ್ತಾಗಿದ್ದವು. ಅವಳವು ಚೆಲ್ಲಾಪಿಲ್ಲಿ.

“ಇವರನ್ನ ಲೈನಲ್ಲಿ ಕೂರಿಸಿದ್ರೆ ಮುಗೀತು,” ಎಂದ ವಸಂತ್.

“ಯಾಕೆ ಹೀಗೆ ಅಂತ ಇನ್ನೂ ನೋಡಿಲ್ಲ ಸರ್.”

“ಅದನ್ನ ನೋಡ್ತಾ ಕೂತ್ರೆ ಲೈನ್ ಯಾವಾಗ ಶುರು ಮಾಡೋದು?”

ಪೂಜಿತಾ ಗ್ರಾಫನ್ನು ಮಡಚಿಟ್ಟಳು. ಆ ತಿಂಗಳ ಕೊನೆಗೆ ಬಿಲ್ಕೀಸ್‌ಳನ್ನು ಕೆಲಸದಿಂದ ಬಿಡಿಸಿದರು. ನಿಮ್ಮ ಕೈ ಒಂದೇ ಥರ ನಡೆಯುತ್ತಿಲ್ಲ ಎಂದು ಹೇಳಿದಾಗ ಅವಳು ಬ್ಲೇಡನ್ನು ಮೇಜಿನ ಮೇಲಿಟ್ಟು ಹೋದಳು.

ಹೊಸ ಲೈನು ಮೊದಲ ವಾರವೇ ಮುಗ್ಗರಿಸಿತು. ಒಮ್ಮೆ ಲೈನಿನ ನಡುವೆ ಕೂತಿದ್ದ ಹಂಸಳ ಮುಂದೆ ವಾಷರ್ ರಾಶಿ ಬಿದ್ದು, ಅವಳ ಆಚೆಗಿನವರೆಲ್ಲ ಕೈ ಕಟ್ಟಿ ಕೂತಿದ್ದರು.

“ಏನಾಯ್ತು ಹಂಸ?” ಎಂದು ಪೂಜಿತಾ ಕೇಳಿದಳು.

“ಈ ದಪ್ಪ ಅಂಚಿನವು ಬೇಗ ಆಗಲ್ಲ ಮೇಡಂ. ಮೊದಲು ಇಂಥವನ್ನ ನಮ್ಮ ಟ್ರೇಯಿಂದ ಬಿಲ್ಕೀಸ್ ಆಪಾ ಎತ್ಕೊಂಡ್ಬಿಡ್ತಿದ್ರು.”

“ಆವಾಗ್ಲೇ ಯಾಕೆ ಹೇಳ್ಲಿಲ್ಲ?”

ಹಂಸ ತಲೆ ತಗ್ಗಿಸಿದಳು. “ನಮ್ಮ ಟೈಮ್ ಚೆನ್ನಾಗಿ ಬರ್ತಿತ್ತಲ್ಲ ಮೇಡಂ.”

ದಪ್ಪ ಅಂಚಿನವೆಲ್ಲ ಬರುತ್ತಿದ್ದುದು ಸವೆದುಹೋದ ಒಂದೇ ಅಚ್ಚಿನಿಂದ. ಪೂಜಿತಾ ಅದನ್ನು ತೋರಿಸಿಕೊಟ್ಟಳು, ವಸಂತ್ ಅಚ್ಚನ್ನು ರಿಪೇರಿ ಮಾಡಿಸಿದ. ಲೈನು ಸರಾಗವಾಗಿ ಓಡತೊಡಗಿತು. ವಸಂತ್ ಎಲ್ಲರೆದುರು ಪೂಜಿತಾಳನ್ನು ಹೊಗಳಿದ.

“ಬಿಲ್ಕೀಸ್‌ನ ವಾಪಸ್ ಕರೆಯೋಣ ಸರ್. ತಪ್ಪು ಅವರದ್ದಲ್ಲ.”

“ಅಚ್ಚು ಸರಿಹೋದ್ಮೇಲೆ ಅವರು ಯಾಕ್ರೀ?”

ಭಾನುವಾರ ಪೂಜಿತಾ ರಸೆಲ್ ಮಾರ್ಕೆಟ್ ಹಿಂದಿನ ಓಣಿಯಲ್ಲಿ ಬಿಲ್ಕೀಸ್ ಮನೆ ಹುಡುಕಿಕೊಂಡು ಹೋದಳು. ಸೊಸೆ ಸಾಮಿಯಾ ಚಹಾ ತಂದಿಟ್ಟಳು. ಪೂಜಿತಾ ನಡೆದದ್ದನ್ನೆಲ್ಲ ಹೇಳಿದಳು.

“ಅಂದ್ರೆ ಅಚ್ಚು ರಿಪೇರಿ ಆಯ್ತು.”

“ಆಯ್ತು ಆಪಾ.”

“ನನ್ನ ಕರೀತಾರಾ?”

“ಕೇಳ್ದೆ. ಬೇಡ ಅಂದ್ರು.”

ಸೊಸೆ ಒಳಗೆ ಹೋಗುವವರೆಗೂ ಬಿಲ್ಕೀಸ್ ಕಾದಳು. “ಕೆಲಸ ಯಾಕೆ ಹೋಯ್ತು ಅಂತ ಕೇಳಿದವರಿಗೆಲ್ಲ, ವಯಸ್ಸಾಯ್ತು, ಕೈ ನಿಲ್ತಿಲ್ಲ ಅಂದೆ. ಈಗ ಮನೇಲಿ ಈರುಳ್ಳಿ ಹೆಚ್ಚೋಕೂ ಬಿಡಲ್ಲ. ನಾನೂ ಅದನ್ನೇ ನಂಬ್ಕೊಂಡು ಸಮಾಧಾನವಾಗಿದ್ದೆ. ಈಗ ಕೈ ಸರಿಯಾಗೇ ಇತ್ತು ಅಂತ ಗೊತ್ತಾಗಿ ಏನು ಮಾಡ್ಲಿ? ನೀವು ಬರ್ಬಾರ್ದಿತ್ತು ಮೇಡಂ.”

ಬಿಲ್ಕೀಸ್ ಎದ್ದು, ಗೋಡೆಗೆ ಕೈ ಕೊಟ್ಟು, ಒಳಕೋಣೆಗೆ ನಡೆದಳು.