ಹದಿನೆಂಟು ಬೆಂಚು

ಜಿಲ್ಲಾ ಶಿಕ್ಷಣ ಕಚೇರಿಯ ಖರೀದಿ ಗುಮಾಸ್ತೆಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ನೂರಾ ಹನ್ನೆರಡು ಶಾಲೆಗಳ ಮುಖ್ಯಶಿಕ್ಷಕರೂ ಅವಳನ್ನು ಬೆನ್ನ ಹಿಂದೆ ಅರ್ಧಕ್ಕ ಎನ್ನುತ್ತಿದ್ದರು. ಧೈರ್ಯವಿದ್ದವರು ಎದುರಿಗೂ ಅನ್ನುತ್ತಿದ್ದರು. ವರ್ಷಕ್ಕೊಮ್ಮೆ ಶಾಲೆಗಳಿಂದ ಬರುವ ಬೇಡಿಕೆ ಪಟ್ಟಿಗಳನ್ನು ಎದುರಿಗಿಟ್ಟುಕೊಂಡು ಅವಳು ಕೇಳಿದ್ದನ್ನೆಲ್ಲ ಅರ್ಧಕ್ಕೆ ಇಳಿಸುತ್ತಿದ್ದಳು. ಇಳಿಸುತ್ತಾಳೆಂದು ಗೊತ್ತಿದ್ದ ಮುಖ್ಯಶಿಕ್ಷಕರು ಎರಡರಷ್ಟು ಬರೆಯುತ್ತಿದ್ದರು. ಎರಡರಷ್ಟು ಬರೆಯುತ್ತಾರೆಂದು ಗೊತ್ತಿದ್ದರಿಂದ ಅವಳು ಇಳಿಸುತ್ತಿದ್ದಳು. ಇದನ್ನು ಮೊದಲು ಶುರು ಮಾಡಿದ್ದು ಯಾರೆಂದು ಯಾರಿಗೂ ನೆನಪಿಲ್ಲ. ಕೊನೆಗೆ ಎಲ್ಲರಿಗೂ ಬೇಕಾದಷ್ಟೇ ಸಿಗುತ್ತಿದ್ದುದರಿಂದ ಜಗಳವೂ ಇರಲಿಲ್ಲ. ಮಾರುಕಟ್ಟೆ ಹಿಂದಿನ ಶಾಲೆಯ ಮೇಡಂ ಒಬ್ಬರು ಮಾತ್ರ ಯಾವಾಗಲೂ ಬೆಸ ಸಂಖ್ಯೆಯನ್ನೇ ಬರೆಯುತ್ತಿದ್ದರು. ಅರ್ಧ ಮಾಡಿದಾಗ ಉಳಿಯುವ ಅರೆ ಬೆಂಚನ್ನು ಅರ್ಧಕ್ಕ ಒಂದು ಮಾಡಿ ಕೊಡಲೇಬೇಕಲ್ಲ, ಆ ಲೆಕ್ಕ.

ಇದಕ್ಕೆ ಹೊರತಾಗಿದ್ದವರು ಗುಡ್ಡದ ಶಾಲೆ ಟೀಚರ್. ಅವರು ಐದು ಬೇಕಿದ್ದರೆ ಐದನ್ನೇ ಬರೆಯುತ್ತಿದ್ದರು. ಅರ್ಧಕ್ಕ ಮೊದಲ ವರ್ಷ ಅದನ್ನೂ ಅರ್ಧ ಮಾಡಿ, ಆಮೇಲೆ ಟೀಚರ್ ಬಸ್ಸು ಹತ್ತಿ ಬಂದು ಸುಮ್ಮನೆ ಎದುರಿಗೆ ಕೂತ ಮೇಲೆ ತಿದ್ದಿಕೊಂಡಿದ್ದಳು. ಅಂದಿನಿಂದ ಆ ಒಂದು ಪಟ್ಟಿಗೆ ಕೈ ಹಚ್ಚಿರಲಿಲ್ಲ. ಹೋದ ವರ್ಷ ಟೀಚರ್ ಹದಿನೆಂಟು ಚಿಕ್ಕ ಬೆಂಚು ಕೇಳಿದ್ದರು. ಒಂದನೇ, ಎರಡನೇ ತರಗತಿಯ ಮಕ್ಕಳು ನೆಲದ ಮೇಲೆ ಕೂರುತ್ತಿದ್ದರು, ಚಳಿಗಾಲದಲ್ಲಿ ಆ ನೆಲ ಒದ್ದೆ ಬಟ್ಟೆಯ ಹಾಗೆ ತಣ್ಣಗಿರುತ್ತಿತ್ತು. ಆ ವರ್ಷ ಬೆಂಚಿನ ಕಾರ್ಖಾನೆ ನಡುವೆಯೇ ಮುಚ್ಚಿದ್ದರಿಂದ ಯಾರಿಗೂ ಬರಲಿಲ್ಲ. ಬರುವ ವರ್ಷ ಮೊದಲು ನಿಮ್ಮದೇ ಎಂದು ಅರ್ಧಕ್ಕ ಮಾತು ಕೊಟ್ಟಿದ್ದಳು.

ಬರುವ ವರ್ಷ ಬಂದಾಗ ಕಾಗದದ ಪಟ್ಟಿಯೇ ಇರಲಿಲ್ಲ. ಖರೀದಿಯೆಲ್ಲ ಆನ್‌ಲೈನ್ ಆಗಿತ್ತು. ಪ್ರತಿ ಶಾಲೆಗೂ ಒಂದು ಪಾಸ್‌ವರ್ಡ್. ಮುಖ್ಯಶಿಕ್ಷಕರು ತಾವೇ ಒಳಗೆ ಹೋಗಿ ಬೇಕಾದ್ದನ್ನು ಒತ್ತಬೇಕು, ಆರ್ಡರ್ ನೇರವಾಗಿ ಕಾರ್ಖಾನೆಗೆ ಹೋಗುತ್ತದೆ. ಜಿಲ್ಲೆಗೆ ಆರುನೂರು ಚಿಕ್ಕ ಬೆಂಚು, ಮೊದಲು ಒತ್ತಿದವರಿಗೆ ಮೊದಲು, ಶುಕ್ರವಾರ ಸಂಜೆ ಐದಕ್ಕೆ ಬಾಗಿಲು ಬಂದ್. ಹೊಸದಾಗಿ ಬಂದಿದ್ದ ಸಾಹೇಬರಿಗೆ ಅರ್ಧಕ್ಕ ಒಮ್ಮೆ ಹೇಳಿ ನೋಡಿದಳು, ಇವರು ಎರಡರಷ್ಟು ಬರೆದು ಅಭ್ಯಾಸವಾದವರು, ನಡುವೆ ಯಾರಾದರೂ ಬೇಕು ಎಂದು. ಸಾಹೇಬರು ಕೆಟ್ಟವರಲ್ಲ. ತಮಗೆ ಬೇಕಾದ್ದು ಎಷ್ಟೆಂದು ಓದಿದವರಿಗೆ ಗೊತ್ತಿರುತ್ತದೆ ಎಂದರು. ಅವಳಿಗೆ ಬೇರೆ ಕೆಲಸ ಹಚ್ಚಿದರು. ಹಳೆಯ ಕಡತಗಳನ್ನು ವರ್ಷವಾರು ಜೋಡಿಸುವುದು. ಧೂಳಿಗೆ ಅವಳ ಕಣ್ಣು ಮೂರು ವಾರದಿಂದ ಕೆಂಪಾಗಿತ್ತು.

ಗುರುವಾರ ಮಧ್ಯಾಹ್ನ ಗುಡ್ಡದ ಶಾಲೆ ಟೀಚರ್ ಬಂದರು. ಅವರ ಊರಲ್ಲಿ ಇಂಟರ್ನೆಟ್ ಎರಡು ನಿಮಿಷ ಬಂದು ಎರಡು ಗಂಟೆ ಹೋಗುತ್ತಿತ್ತು. ಮೂರು ದಿನ ಮೊಬೈಲ್ ಹಿಡಿದು ಶಾಲೆಯ ನೀರಿನ ಟ್ಯಾಂಕಿನ ಮೇಲೆ ನಿಂತು ಸಾಕಾಗಿ ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಅರ್ಧಕ್ಕ ತನ್ನ ಕಂಪ್ಯೂಟರಿನ ಮುಂದೆ ಅವರನ್ನು ಕೂರಿಸಿದಳು. ಬೆಂಚಿನ ಪುಟ ತೆರೆಯಿತು. ಉಳಿದಿರುವುದು: ಸೊನ್ನೆ.

ಟೀಚರ್ ಚೀಲದಿಂದ ನೀರಿನ ಬಾಟಲಿ ತೆಗೆದು ಕುಡಿದರು. ಆಮೇಲೆ ಹೇಳಿದರು, ಈಗಾಗಲೇ ಆರು ಮಕ್ಕಳನ್ನು ತಾಯಂದಿರು ಬೇರೆ ಶಾಲೆಗೆ ಹಾಕಿದ್ದಾರೆ, ನೆಲದ ಮೇಲೆ ಕೂತು ಕೆಮ್ಮುವುದನ್ನು ಕಲಿಯೋಕೆ ನಿಮ್ಮ ಶಾಲೆ ಯಾಕೆ ಎಂದು ಕೇಳುತ್ತಾರೆ, ಇನ್ನು ನಾಲ್ಕು ಮಕ್ಕಳು ಹೋದರೆ ಶಾಲೆಯನ್ನೇ ಮುಚ್ಚುತ್ತಾರೆ.

“ನೀವು ಮಾತು ಕೊಟ್ಟಿದ್ರಿ ಅಂತ ನಾನು ಅವರಿಗೆ ಮಾತು ಕೊಟ್ಟಿದ್ದೆ ಅಕ್ಕ,” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ನಾಳೆ ಬೆಳಿಗ್ಗೆ ಮತ್ತೆ ಬನ್ನಿ ಎಂದು ಅರ್ಧಕ್ಕ ಅವರನ್ನು ಕಳಿಸಿದಳು. ಯಾಕೆ ಬರಬೇಕೆಂದು ಅವಳಿಗೂ ಗೊತ್ತಿರಲಿಲ್ಲ.

ಮನೆಯಲ್ಲಿ ಅವಳ ಜೊತೆ ಇದ್ದದ್ದು ತಂಗಿ. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು ನಿವೃತ್ತಳಾದವಳು. ಮಂಚದ ಮೇಲೆ ಒಗೆದ ಬಟ್ಟೆ ಹರಡಿಕೊಂಡು ಮಡಚುತ್ತಿದ್ದಳು. ಅಕ್ಕ ಕಾಲು ಚಾಚಿ ಗೋಡೆಗೊರಗಿ ಎಲ್ಲ ಹೇಳಿದಳು. ತಂಗಿ ಒಂದು ದಿಂಬಿನ ಚೀಲ ಮುಗಿಸಿ ಇನ್ನೊಂದು ಎತ್ತಿಕೊಂಡಳು.

“ವಾರ್ಡಲ್ಲಿ ಹಾಸಿಗೆ ಖಾಲಿ ಇಲ್ಲ ಅಂದ್ರೆ ನಾವು ಕೈ ಕಟ್ಕೊಂಡು ಕೂರ್ತಿರ್ಲಿಲ್ಲ ಕಣೇ. ಯಾರ್ ಯಾರು ಸುಮ್ನೆ ಮಲಗಿದ್ದಾರೆ ಅಂತ ನಮಗೆ ಗೊತ್ತಿರ್ತಿತ್ತು. ಹೋಗಿ ಕೇಳೋದು, ಅಣ್ಣ, ನೀವು ಇವತ್ತು ಮನೆಗೆ ಹೋಗ್ತೀರಾ ಅಂತ.”

“ನನ್ನ ಮಾತು ಯಾರು ಕೇಳ್ತಾರೆ? ನನ್ನ ಕೈಲಿ ಈಗ ಏನಿದೆ?”

“ಏನೂ ಇಲ್ಲ. ಅದಕ್ಕೇ ನಯವಾಗಿ ಕೇಳು. ಇಷ್ಟು ವರ್ಷ ಯಾರನ್ನಾದ್ರೂ ಕೇಳಿದ್ದೀಯಾ ನೀನು? ಬರೀ ಕೊಯ್ದಿದ್ದೀಯ.”

ಮಾತು ಚುಚ್ಚಿತು, ಆದರೆ ನಿದ್ದೆ ಬಂತು.

ಶುಕ್ರವಾರ ಬೆಳಿಗ್ಗೆ ಅವಳು ಸಾಹೇಬರ ಅನುಮತಿ ಕೇಳಿದಳು. ಶಾಲೆಯವರು ತಮ್ಮ ಆರ್ಡರನ್ನು ತಾವೇ ಕಡಿಮೆ ಮಾಡಿಕೊಳ್ಳಬಹುದು, ನೀವು ಕೇಳಬಹುದು, ಆದರೆ ಬಿಡಲೇಬೇಕು ಎಂದು ಹೇಳುವ ಹಾಗಿಲ್ಲ ಎಂದು ಅವರು ಎಚ್ಚರಿಸಿದರು. ಟೀಚರ್ ಕಂಪ್ಯೂಟರಿನ ಮುಂದೆ ಕೂತರು. ಅರ್ಧಕ್ಕ ಹೆಚ್ಚು ಒತ್ತಿರಬಹುದಾದ ಮುಖ್ಯಶಿಕ್ಷಕರಿಗೆ ಒಬ್ಬೊಬ್ಬರಿಗೇ ಫೋನು ಮಾಡತೊಡಗಿದಳು.

ಮೊದಲನೆಯವರು ತಮಗೆ ಅಷ್ಟೂ ಬೇಕು ಎಂದರು. ಎರಡನೆಯವರು ಫೋನೇ ಎತ್ತಲಿಲ್ಲ. ಮೂರನೆಯವರು ಬರಹದಲ್ಲಿ ಆದೇಶ ಕೊಡಿ ಎಂದರು. ನಾಲ್ಕನೆಯವರು ಅರ್ಧ ಗಂಟೆ ತಮ್ಮ ಶಾಲೆಯ ಮಾಡಿನ ಸೋರಿಕೆಯ ಬಗ್ಗೆ ಹೇಳಿದರು, ಅವಳು ಕೇಳಿಸಿಕೊಂಡಳು. ಊಟದ ಹೊತ್ತಾದರೂ ಪರದೆಯ ಮೇಲೆ ಸೊನ್ನೆ ಅಲುಗಲಿಲ್ಲ. ಟೀಚರ್ ತಂದಿದ್ದ ಬಾಳೆಹಣ್ಣಲ್ಲಿ ಒಂದನ್ನು ಅವಳ ಮೇಜಿನ ಮೇಲಿಟ್ಟರು. ಅದನ್ನು ಸುಲಿಯುವುದಕ್ಕೂ ಅವಳಿಗೆ ಬೇಸರವಾಗಿತ್ತು.

ಮೂರು ಗಂಟೆಗೆ ಸಿಕ್ಕಿದವರು ಮೀಸೆ ಮೇಷ್ಟ್ರು, ದೊಡ್ಡ ರಸ್ತೆಯ ಶಾಲೆಯವರು. ನಲವತ್ತು ಬೆಂಚು ಒತ್ತಿದ್ದರು.

“ಮೇಷ್ಟ್ರೇ, ನಿಜಕ್ಕೂ ಎಷ್ಟು ಬೇಕಿತ್ತು?”

“ನೀವೇ ಕೇಳ್ತೀರಲ್ಲ. ಇಪ್ಪತ್ತು. ನೀವು ಹೇಗಿದ್ರೂ ಅರ್ಧ ಮಾಡ್ತೀರಲ್ಲ, ಅದಕ್ಕೇ.”

“ನಾನು ಮಾಡಲ್ಲ ಮೇಷ್ಟ್ರೇ. ನನ್ನನ್ನ ಅಲ್ಲಿಂದ ತೆಗೆದಿದ್ದಾರೆ. ಈ ವರ್ಷ ನೀವು ಕೇಳಿದ್ದೆಲ್ಲ ಬರುತ್ತೆ.”

ಆ ಕಡೆ ಕುರ್ಚಿ ಸರಿದ ಸದ್ದಾಯಿತು.

“ಎಲ್ಲಾನಾ?” ಎಂದರು ಮೇಷ್ಟ್ರು. “ಪೊರಕೆ ನಾನೂರು ಹಾಕಿದ್ದೀನಲ್ರೀ.”

ಕಂಪ್ಯೂಟರಿನ ಒಳಗೂ ಎಲ್ಲೋ ಒಂದು ಕೋಣೆಯಲ್ಲಿ ಅರ್ಧಕ್ಕ ಕೂತೇ ಇದ್ದಾಳೆ ಎಂದು ಅವರು ನಂಬಿದ್ದರು. ಅವರೊಬ್ಬರೇ ಅಲ್ಲ, ಬಹುಶಃ ಎಲ್ಲರೂ. ಇಪ್ಪತ್ತು ಬೆಂಚನ್ನು ಈಗಲೇ ಬಿಡುತ್ತೇನೆ ಎಂದು ಮೇಷ್ಟ್ರು ಅವಸರದಲ್ಲಿ ಫೋನಿಟ್ಟರು. ಪರದೆಯಲ್ಲಿ ಇಪ್ಪತ್ತು ಕಾಣಿಸಿತು. ಟೀಚರ್ ಒಂದು ಬೆರಳಲ್ಲಿ ಒಂದು ಬರೆದು, ಎಂಟನ್ನು ಹುಡುಕಿ, ಒತ್ತಿದರು. ಮೂರು ಮಾತ್ರ ಲಭ್ಯ ಎಂದಿತು ಪರದೆ. ಬಿಟ್ಟ ಬೆಂಚು ಎಲ್ಲರಿಗೂ ಕಾಣುತ್ತದೆ, ಬೇರೆ ಯಾರೋ ಕಣ್ಣಿಟ್ಟು ಕಾದಿದ್ದರು.

ಟೀಚರ್ ಕೈ ಹಿಂದಕ್ಕೆ ತೆಗೆದುಕೊಂಡರು. “ನನ್ನ ಬೆರಳೇ ದಡ್ಡ ಅಕ್ಕ.”

“ಆ ಮೂರನ್ನ ಮೊದಲು ಹಾಕ್ಕೊಳ್ಳಿ,” ಎಂದಳು ಅರ್ಧಕ್ಕ. ಹೋದದ್ದು ಹದಿನೇಳು. ಹದಿನಾರಲ್ಲ, ಹದಿನೆಂಟಲ್ಲ. ಹಾಗೆ ಕೇಳುವವರು ಜಿಲ್ಲೆಯಲ್ಲಿ ಒಬ್ಬರೇ. ಅವಳು ಮಾರುಕಟ್ಟೆ ಹಿಂದಿನ ಶಾಲೆಗೆ ಫೋನು ಮಾಡಿದಳು.

ಬೆಸ ಮೇಡಂ ಮೊದಲು ಯಾವ ಬೆಂಚು ಎಂದರು. ಆಮೇಲೆ ನಕ್ಕರು. ನಲವತ್ತೊಂದು ಮೊದಲೇ ಹಾಕಿಕೊಂಡಿದ್ದೆ, ಖಾಲಿ ಇದೆ ಅಂತ ಕಂಡಿತು, ಕೈ ತಡೆಯಲಿಲ್ಲ ಎಂದರು. ನಿಯಮದಲ್ಲಿ ತಪ್ಪೇನಿದೆ ಎಂದೂ ಕೇಳಿದರು. ತಪ್ಪಿಲ್ಲ ಎಂದು ಅರ್ಧಕ್ಕ ಒಪ್ಪಿಕೊಂಡಳು. ಆಮೇಲೆ ಫೋನನ್ನು ಗುಡ್ಡದ ಶಾಲೆ ಟೀಚರ್ ಕೈಗೆ ಕೊಟ್ಟಳು.

ಟೀಚರ್ ಆರು ಮಕ್ಕಳ ವಿಷಯ ಹೇಳಲಿಲ್ಲ, ಶಾಲೆ ಮುಚ್ಚುವ ವಿಷಯವನ್ನೂ ಹೇಳಲಿಲ್ಲ. “ಮೇಡಂ, ನಮ್ಮ ಚಿಕ್ಕೋರು ಪಾಟಿ ಚೀಲದ ಮೇಲೆ ಕೂರ್ತಾರೆ,” ಎಂದರು. “ಚೀಲದಲ್ಲಿ ಪುಸ್ತಕ ಇರುತ್ತೆ. ಪುಸ್ತಕ ತೆಗೆದ್ರೆ ಕೂರೋಕಾಗಲ್ಲ, ಕೂತ್ರೆ ಪುಸ್ತಕ ತೆಗೆಯೋಕಾಗಲ್ಲ. ಅದಕ್ಕೆ ಬೇಕಿತ್ತು.”

ಬೆಸ ಮೇಡಂ ಏನಂದರೋ ಅರ್ಧಕ್ಕನಿಗೆ ಕೇಳಿಸಲಿಲ್ಲ. ಟೀಚರ್ ಫೋನು ವಾಪಸು ಕೊಟ್ಟು, ಒಟ್ಟಿಗೆ ಒತ್ತೋಣ ಅಂತಿದ್ದಾರೆ ಎಂದರು. ನಾಲ್ಕು ಮುಕ್ಕಾಲು ಆಗಿತ್ತು. ಈ ಸಲ ಟೀಚರ್ ಹದಿನೈದನ್ನು ಮೊದಲೇ ಬರೆದಿಟ್ಟುಕೊಂಡರು. ಅರ್ಧಕ್ಕ ಫೋನಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಿದಳು. ಮೂರಕ್ಕೆ ಆ ಕಡೆ ಮೇಡಂ ಹದಿನೇಳನ್ನೂ ಬಿಟ್ಟರು, ಈ ಕಡೆ ಟೀಚರ್ ಒತ್ತಿದರು. ಪರದೆ ತಿರುಗಿತು, ತಿರುಗಿತು, ಆಮೇಲೆ ಆರ್ಡರ್ ಸ್ವೀಕರಿಸಲಾಗಿದೆ ಎಂದಿತು. ಮಿಕ್ಕ ಎರಡು ಬೆಂಚನ್ನು ಅಷ್ಟರಲ್ಲೇ ಯಾರೋ ಎತ್ತಿಕೊಂಡಿದ್ದರು.

ಟೀಚರ್ ಕನ್ನಡಕ ಸರಿಮಾಡಿಕೊಂಡು ಕೆಳಗಿನ ಸಾಲು ಓದಿದರು. ಸಾಮಾನು ಅರವತ್ತು ದಿನದೊಳಗೆ ತಲುಪುತ್ತದೆ. ಬೆರಳು ಮಡಚಿ ಎಣಿಸಿದರು. ಅಷ್ಟು ಹೊತ್ತಿಗೆ ಚಳಿ ಕಳೆದಿರುತ್ತದೆ.

“ಇರಲಿ ಬಿಡಿ,” ಎಂದರು. “ಈ ಕಾಗದ ಒಂದು ಪ್ರಿಂಟ್ ಮಾಡಿ ಕೊಡಿ ಅಕ್ಕ. ತಾಯಂದಿರಿಗೆ ತೋರಿಸ್ತೀನಿ. ಅವರು ಅರವತ್ತು ದಿನ ಕಾಯ್ತಾರೆ, ಕಾಗದ ಇದ್ರೆ ಕಾಯ್ತಾರೆ.”

ಅರ್ಧಕ್ಕ ಎರಡು ಪ್ರತಿ ತೆಗೆದು, ಎರಡಕ್ಕೂ ಕಚೇರಿಯ ಮೊಹರು ಒತ್ತಿದಳು. ಆನ್‌ಲೈನ್ ಕಾಗದಕ್ಕೆ ಮೊಹರಿನ ಅಗತ್ಯವಿರಲಿಲ್ಲ. ತಾಯಂದಿರಿಗೆ ಇರಬಹುದು. ಟೀಚರ್ ಕಾಗದವನ್ನು ಮಡಚದೆ ಪುಸ್ತಕದ ನಡುವೆ ಇಟ್ಟುಕೊಂಡು, ಐದೂಕಾಲರ ಬಸ್ಸಿಗೆ ಮೆಟ್ಟಿಲಿಳಿದು ಓಡಿದರು.

ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಗೋದಾಮಿನಿಂದ ಫೋನು ಬಂದಿದೆಯಂತೆ, ಜಿಲ್ಲೆಗೆ ಹನ್ನೊಂದು ಸಾವಿರ ಪೊರಕೆ, ಕಡಿಮೆ ಮಾಡುವುದಿದ್ದರೆ ಸೋಮವಾರದೊಳಗೆ ಹೇಳಬೇಕಂತೆ. ನೀವು ಎಲ್ಲರ ಹತ್ತಿರ ಒಮ್ಮೆ ಮಾತಾಡಬಹುದೇ ಎಂದು ಮೆಲ್ಲಗೆ ಕೇಳಿದರು.

“ನಾಳೆ ಸಾರ್,” ಎಂದು ಅರ್ಧಕ್ಕ ಬಾಳೆಹಣ್ಣು ಸುಲಿಯತೊಡಗಿದಳು.