ಮೆಸ್ಸಿಗೆ ಬಿದ್ದ ಒಂದು ಸ್ಟಾರ್

ಹನೂರಿನಲ್ಲಿ ಬೆಟ್ಟದ ರಸ್ತೆಗೆ ಮುಖ ಮಾಡಿಕೊಂಡಿರುವ ಶಾಂತರಾಜುವಿನ ಮೆಸ್ಸಿಗೆ ಬೋರ್ಡು ಕೂಡ ನೆಟ್ಟಗಿಲ್ಲ. ಆದರೂ ಮೈಸೂರು, ಬೆಂಗಳೂರಿನ ಕಾರುಗಳು ಹುಡುಕಿಕೊಂಡು ಬಂದು ನಿಲ್ಲುತ್ತವೆ. ಮಾದಪ್ಪನ ದರ್ಶನಕ್ಕೆ ಹೊರಟವರು ಈಗ ದಾರಿಯಲ್ಲಿ ಯಾರನ್ನು ಕೇಳುತ್ತಾರೆ? ಫೋನು ತೆಗೆದು ಮ್ಯಾಪಿನಲ್ಲಿ ಯಾವ ಹೋಟೆಲಿಗೆ ಎಷ್ಟು ಸ್ಟಾರ್ ಬಂದಿದೆ ಅಂತ ನೋಡುತ್ತಾರೆ, ಅಷ್ಟೇ. ಶಾಂತರಾಜುವಿನದು ಐದಕ್ಕೆ ಕೂದಲೆಳೆಯಷ್ಟು ಕಡಿಮೆ. ಅದರ ಪುಣ್ಯವೆಲ್ಲ ಒಳಗೆ ಒಲೆ ಮುಂದೆ ನಿಂತ ಶಾಗ್ಯದ ರಂಗರಾಜುವಿಗೆ, ಅವನ ಕೈಯ ಬಸ್ಸಾರಿಗೆ ಸೇರಬೇಕು. ಮೆಸ್ಸು ಶುರುವಾದ ದಿನದಿಂದ ಅವನೇ ಅಡುಗೆಯವನು. ಅವನು ಕೈಬಿಟ್ಟರೆ ಅಲ್ಲಿ ಉಳಿಯುವುದು ಬರೀ ಬೆಂಚು. ಅದು ಶಾಂತರಾಜುವಿಗೂ ಚೆನ್ನಾಗಿ ಗೊತ್ತಿತ್ತು.

ಗೊತ್ತಿದ್ದು ಏನು ಬಂತು? ಮನುಷ್ಯ ಒಂದು ಸಲ ತಲೆಗೆ ಹುಳ ಬಿಟ್ಟುಕೊಂಡರೆ ಮುಗಿಯಿತು.

ಆ ಹುಳ ಬಂದದ್ದು ಹೀಗೆ. ಒಂದು ದಿನ ಬೆಳಿಗ್ಗೆ ಹೊಗಳಿಕೆಗಳ ನಡುವೆ ಒಂಟಿ ಸ್ಟಾರ್ ಒಂದು ಕುಳಿತಿತ್ತು. 'ಕೈ ತೊಳೆಯುವ ಜಾಗ ಜಾರುತ್ತದೆ. ಹುಷಾರು.' ಬರೆದವರ ಹೆಸರು 'ಮಾದಪ್ಪನ ಒಕ್ಕಲು'. ಫೋಟೊ ಇಲ್ಲ. ಈ ಸೀಮೆಯಲ್ಲಿ ಮಾದಪ್ಪನ ಒಕ್ಕಲಲ್ಲದವರು ಯಾರಿದ್ದಾರೆ, ಯಾರನ್ನು ಅಂತ ಹಿಡಿಯುವುದು!

ಶಾಂತರಾಜು ಎದುರು ಬೇಕರಿಯ ನಿಂಗರಾಜುವನ್ನು ಹಿಡಿದ. ಹಿಂದೊಮ್ಮೆ ಅದೇ ಜಾಗದಲ್ಲಿ ಜಾರಿ ಬಿದ್ದಿದ್ದವನು ಅವನೇ. ಬೇಡದಿದ್ದರೂ ಹೋಗಿ ಟೀ ಕುಡಿದು, ಅವನ ಮುಖವನ್ನೇ ನೋಡುತ್ತ ಕುಳಿತ.

"ಏನ್ಲಾ ಶಾಂತ, ನನ್ನ ಮೂತೀಲಿ ಸಿನಿಮಾ ಏನಾರ ಓಡ್ತಾ ಅದಾ?" ಅಂತ ನಿಂಗರಾಜು ನಕ್ಕ.

ನಗುತ್ತಾನೆ ಅಂದರೆ ಇವನೇ ಅಂದುಕೊಂಡ ಶಾಂತರಾಜು. ನಗದಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದ ಬಿಡಿ. ಈ ವಿಷಯ ಯಾರ ಹತ್ತಿರವೂ ಬಾಯಿಬಿಡಲಿಲ್ಲ, ಹೆಂಡತಿ ರತ್ನಳಿಗೂ ಹೇಳಲಿಲ್ಲ. ಹೇಳಿದರೆ ಕಳ್ಳ ಎಚ್ಚರಾಗುತ್ತಾನಂತೆ! ಬೆಳಗಾದರೆ ಫೋನು, ಉಣ್ಣುವಾಗ ಫೋನು. ಗಿರಾಕಿ ಕೈಯಲ್ಲಿ ಫೋನು ಹಿಡಿದರೆ ಇವನು ನೀರು ಕೊಡುವ ನೆಪದಲ್ಲಿ ಹೋಗಿ ಇಣುಕುತ್ತಿದ್ದ.

ಅಮಾವಾಸ್ಯೆ ಬಂತು. ಬೆಟ್ಟಕ್ಕೆ ಹೋಗುವ ಜನ ಮೆಸ್ಸಿಗೆ ಮುಗಿಬಿದ್ದರು. ಮಧ್ಯಾಹ್ನವಾಗುವಷ್ಟರಲ್ಲಿ ಸಾರು ತಳ ಕಂಡಿತು. ರಂಗರಾಜು ಬೇಡ ಬೇಡ ಅಂದರೂ ಕೇಳದೆ ಶಾಂತರಾಜುವೇ ಒಂದು ಕೊಡ ಬಿಸಿನೀರು ಹುಯ್ದ. ಆಗ ಒಳಗಿದ್ದವರು ಅವರಿಬ್ಬರೇ.

ಮಾರನೆಯ ದಿನ ಹಳೆಯ ಮಾತು ಅಳಿಸಿ, ಅದೇ ಒಂಟಿ ಸ್ಟಾರಿನ ಕೆಳಗೆ ಹೊಸ ಮಾತು. 'ಅಮಾವಾಸ್ಯೆ ದಿನ ಸಾರಿಗೆ ಬಿಸಿನೀರು ಬೆರೆಸುತ್ತಾರೆ.' ಹೆಸರು ಅದೇ.

ಶಾಂತರಾಜುವಿಗೆ ಅಂಗಾಲಿನಿಂದ ನೆತ್ತಿಯವರೆಗೂ ಉರಿದುಹೋಯಿತು. ಅಯ್ಯೋ ಶಿವನೇ, ಉಂಡ ಮನೆಯಲ್ಲೇ ಹೀಗಾ! ಈಗ ಅವನಿಗೆ ಎಲ್ಲವೂ ತಾಳೆಯಾಯಿತು. ಕೊಳ್ಳೇಗಾಲದ ಹೋಟೆಲಿನವರು ರಂಗನನ್ನು ಕರೆಯುತ್ತಿದ್ದಾರೆ ಅನ್ನುವ ಸುದ್ದಿ ಇತ್ತು. ಇಲ್ಲಿಯ ಹೆಸರು ಕೆಡಿಸಿ ಅಲ್ಲಿಗೆ ಹಾರುವ ಹುನ್ನಾರ. ರಂಗ ಇತ್ತೀಚೆಗೆ ಮಾತು ಕಡಿಮೆ ಮಾಡಿದ್ದು ಯಾಕೆ? ಹಿತ್ತಲಿಗೆ ಹೋಗಿ ಫೋನಿನಲ್ಲಿ ಮಾತಾಡುವುದು ಯಾಕೆ? ರಂಗನ ಹೆಂಡತಿ ಬಸುರಿ, ದಿನ ತುಂಬಿತ್ತು, ಅದಕ್ಕೆ ಮಾತಾಡುತ್ತಿದ್ದ. ಆದರೆ ಆ ಹೊತ್ತಿನಲ್ಲಿ ಈ ಮಹಾರಾಯನ ತಲೆಗೆ ಅದು ಹೊಳೆಯಬೇಕಲ್ಲ!

ಬೆಂಚಿನ ತುಂಬ ಜನ ಉಣ್ಣುತ್ತಿರುವಾಗಲೇ ಶಾಂತರಾಜು ಒಲೆ ಹತ್ತಿರ ಹೋದ. "ಲೇ ರಂಗ, ನಿನ್ನ ಫೋನು ಕೊಡು ಇಲ್ಲಿ."

"ಯಾಕಣ್ಣ?"

"ಕೊಡು ಅಂದ್ರೆ ಕೊಡ್ಲಾ. ಸಾರಿಗೆ ನೀರು ಉಯ್ದಿದ್ದು ಊರಿಗೆಲ್ಲ ಡಂಗುರ ಸಾರೋನು ಯಾರು ಅಂತ ನೋಡ್ಬೇಕು."

ಉಣ್ಣುತ್ತಿದ್ದವರ ಕೈ ಎಲೆಯ ಮೇಲೇ ನಿಂತಿತು. ರಂಗರಾಜು ಅಂಗೈ ಒರೆಸಿಕೊಂಡು, ಲಾಕು ತೆಗೆದು ಫೋನು ಕೊಟ್ಟ. ಶಾಂತರಾಜು ತಿಕ್ಕಿದ, ಒತ್ತಿದ, ಮೆಸೇಜು ಓದಿದ. ಹೆಂಡತಿಯ ಸ್ಕ್ಯಾನಿಂಗಿನ ಫೋಟೊ ಬಿಟ್ಟರೆ ಏನೂ ಇರಲಿಲ್ಲ. "ಅಳಿಸಿದ್ದೀಯ," ಅಂದ. ರಂಗರಾಜು ಒಲೆಯ ಮೇಲಿದ್ದ ಮುದ್ದೆಯನ್ನು ತೊಳಸಿ ಮುಗಿಸಿ, ಟವೆಲ್ ಹೆಗಲಿಗೆ ಹಾಕಿಕೊಂಡು, ಫೋನು ಇಸಕೊಂಡು ಹೊರಟುಹೋದ.

ಮನೆಗೆ ಬಂದ ಶಾಂತರಾಜು ಗೆದ್ದವನ ಹಾಗೆ ರತ್ನಳಿಗೆ ಎಲ್ಲ ಹೇಳಿದ. ಅವಳು ಕೈಯಲ್ಲಿದ್ದ ಮೊರವನ್ನು ಹಾಗೇ ಕೆಳಗಿಟ್ಟಳು.

"ಅಯ್ಯೋ ನಿಮ್ಮ! ಅದು ನಾನು ಕಣ್ರಿ ಬರ್ದಿದ್ದು."

"ಏನಂದೆ?"

"ನಮ್ಮ ಮಗಳು ದೀಪನ ಹಳೇ ಫೋನಲ್ಲಿ. ಎಲ್ಲಾರೂ ಚೆಂದ ಚೆಂದ ಅಂತ ಬರೀತಿದ್ರು. ಊರ್ ಕಣ್ಣೆಲ್ಲ ನಮ್ಮ ಮೆಸ್ ಮ್ಯಾಲೆ. ಎಳೇ ಕೂಸಿಗೆ ಕೆನ್ನೆ ಮ್ಯಾಲೆ ಕಪ್ಪು ಇಡಾಕಿಲ್ವಾ? ಅಂಗೇ ಒಂದು ದೃಷ್ಟಿಬೊಟ್ಟು ಇಟ್ಟೆ. ನಿಮ್ಗೆ ಯೋಳುದ್ರೆ ಅದ್ರ ಫಲ ಓಯ್ತದೆ ಅಂತ ಸುಮ್ಕಿದ್ದೆ."

"ಬಿಸಿನೀರಿನ ಮಾತು?"

"ಅಮಾಸೆ ಜನ ನೋಡಿ ಬೊಟ್ಟು ಹೊಸದಾಗಿ ಇಟ್ಟೆ. ನೀವೇ ತಾನೆ ಆವತ್ತು ಬಂದು ಯೋಳಿದ್ದು? ಇಲ್ದೇ ಇರೋದ ಬರಿಯಾಕೆ ಮನಸ್ಸು ಬರ್ನಿಲ್ಲ." ರತ್ನ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. "ರಂಗಣ್ಣನ್ನ ಅಂದ್ಬುಟ್ರಾ? ಜನದ ಮುಂದೆ?"

ಶಾಂತರಾಜು ನಾಚಿಕೆಯಿಂದ ಸತ್ತೇಹೋದ. ಬೈಕು ತೆಗೆದು ಸೀದಾ ಶಾಗ್ಯದ ದಾರಿ ಹಿಡಿದ.

ರಂಗರಾಜು ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತ ಕುಳಿತಿದ್ದ. ಶಾಂತರಾಜು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, "ತಪ್ಪಾಯ್ತು ಕಣ್ಲಾ ರಂಗ, ಬಾ ಓಗವ," ಅಂದ. ರಂಗರಾಜು ಸಿಟ್ಟೂ ತೋರಿಸಲಿಲ್ಲ, ಬೈಯಲೂ ಇಲ್ಲ. ಒಳಗೆ ಕರೆದು, ಕೈಗೆ ನೀರು ಕೊಟ್ಟು, ಬಿಸಿ ಮುದ್ದೆಗೆ ಬಸ್ಸಾರು ಬಿಟ್ಟ.

ಬೆಳಿಗ್ಗೆಯಿಂದ ಏನೂ ತಿಂದಿರದ ಶಾಂತರಾಜು ಗಬಗಬ ನುಂಗಿದ. ಆ ಸಾರಿನ ರುಚಿಗೆ ಕಣ್ಣಲ್ಲಿ ನೀರೇ ಬಂತು. "ಭಾಳ ಚೆನ್ನಾಗದೆ ಕಣ್ಲಾ ರಂಗ," ಅಂದ.

ರಂಗರಾಜು ಸೌಟು ಕೆಳಗಿಟ್ಟ.

"ತಪ್ಪು ತಿಳ್ಕಬ್ಯಾಡಿ ಅಣ್ಣ. ಇಷ್ಟು ವರ್ಸದಲ್ಲಿ ಒಂದ್ ದಿಸನೂ ನಿಮ್ಮ ಬಾಯಲ್ಲಿ ಈ ಮಾತು ಬಂದಿರ್ನಿಲ್ಲ. ಇವತ್ತು ನಿಜ್ವಾಗ್ಲೂ ಚೆನ್ನಾಗದಾ, ಇಲ್ಲ ನನ್ನ ಕರ್ಕಂಡು ಓಗಕ್ಕೆ ಅಂತಿದ್ದೀರಾ? ನಂಗೆ ಗೊತ್ತಾಯ್ತಾ ಇಲ್ಲ."

ಶಾಂತರಾಜು ಮಾದಪ್ಪನ ಆಣೆ ಇಟ್ಟ. ರಂಗರಾಜು ತಲೆಯಾಡಿಸಿದ, ಆದರೆ ನಂಬಿದ ಹಾಗೆ ಕಾಣಲಿಲ್ಲ. ಇನ್ನೊಂದು ಸೌಟು ಸಾರು ಬಿಟ್ಟು, "ಉಣ್ಣಿ. ನಾನು ಕೊಳ್ಳೇಗಾಲದವ್ರಿಗೆ ಬತ್ತೀನಿ ಅಂದ್ಬುಟ್ಟೆ," ಅಂದ.