ಟ್ಯಾಂಕಿನ ಮುಚ್ಚಳದ ಭಂಡಾರ

ಹೆಂಡತಿ ಈರಕ್ಕ ತೀರಿಕೊಂಡ ವಾರ ಹೊಲ ಉಳುವ ಟಿಲ್ಲರಿನ ಮೇಲೆ ಹೊದಿಸಿದ ತಾಡಪಾಲನ್ನು ಪಾಲಾಕ್ಷಪ್ಪ ಮುಂದಿನ ಮಳೆಗಾಲದವರೆಗೆ ಮುಟ್ಟಿರಲಿಲ್ಲ. ತೆಗೆದ ದಿನ ಒಳಗಿನಿಂದ ಇಲಿಗಳು ಓಡಿದವು. ಬೆಲ್ಟುಗಳನ್ನು ಅವು ಕಡಿದುಹಾಕಿದ್ದವು. ಮಣ್ಣು ತಿರುವುವ ಬ್ಲೇಡುಗಳು ತುಕ್ಕು ಹಿಡಿದು ಅಲುಗದಂತಾಗಿದ್ದವು. ಕೆಡದೆ ಉಳಿದದ್ದು ಒಂದೇ, ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ ಹಚ್ಚಿದ ಭಂಡಾರ.

ಮೈಲಾರಲಿಂಗನ ಒಕ್ಕಲಿನ ಮನೆ ಅದು. ಟಿಲ್ಲರು ಅಂಗಳ ಬಿಡುವ ಮುಂಚೆ ಈರಕ್ಕ ಅರಿಶಿನದ ಭಂಡಾರವನ್ನು ಮೂರು ಬೆರಳಲ್ಲಿ ತೆಗೆದು, ಮೊದಲು ಗಂಡನ ಹಣೆಗೆ, ಆಮೇಲೆ ಆ ಮುಚ್ಚಳಕ್ಕೆ ಒತ್ತುತ್ತಿದ್ದಳು. ಒಂದು ದಿನವೂ ತಪ್ಪಿಸಿದವಳಲ್ಲ. ಡೀಸೆಲ್ ಜಿಡ್ಡಿಗೆ ಭಂಡಾರ ಹಿಡಿದು, ಪದರದ ಮೇಲೆ ಪದರ ಕೂತು, ಬೆಲ್ಲದಚ್ಚಿನ ಹಾಗೆ ಗಟ್ಟಿಯಾಗಿತ್ತು. ಮೇಲಿನ ಪದರದಲ್ಲಿ ಅವಳ ಮೂರು ಬೆರಳಿನ ಗುರುತು ಹಾಗೇ ಕೂತಿತ್ತು. ಪಾಲಾಕ್ಷಪ್ಪ ಅದನ್ನು ನೋಡಿ, ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ.

ಮನೆಯ ಹಿಂದಿನ ತುಂಡು ಹೊಲದಲ್ಲಿ ಈರಕ್ಕ ಚೆಂಡುಹೂವು ಬೆಳೆಯುತ್ತಿದ್ದಳು. ಮೊದಲ ಬುಟ್ಟಿ ಉಚ್ಚಂಗಿದುರ್ಗದ ದೇವಿ ಅಮ್ಮನಿಗೆ, ಉಳಿದದ್ದು ಅರಸೀಕೆರೆ ಸಂತೆಗೆ. ಹೋದ ವರ್ಷ ಸೂತಕದ ಮನೆಯಿಂದ ಅಮ್ಮನಿಗೆ ಹೂವು ಹೋಗಲಿಲ್ಲ. ಈ ವರ್ಷ ಹೋಗಲೇಬೇಕು ಎಂದು ಮಗಳು ಕೀರ್ತನಾ ಸಸಿ ಮಾಡಿದ್ದಳು. ಅವು ಗೇಣುದ್ದ ಬೆಳೆದು ಮಡಿಯಲ್ಲೇ ಬಾಗತೊಡಗಿದ್ದವು. ನೆಲ ಮಾತ್ರ ಹದವಾಗಿರಲಿಲ್ಲ.

“ಬಾಡಿಗಿ ಟ್ರ್ಯಾಕ್ಟರ್ ಕರಿ, ಒಂದು ಗಳಿಗ್ಯಾಗ ಮುಗೀತತಿ,” ಎಂದಳು ಕೆಂಚಕ್ಕ. ಅವಳು ಪಾಲಾಕ್ಷಪ್ಪನ ಅಕ್ಕ. ಗಂಡ ಹೋದ ಮೇಲೆ ಈ ಮನೆಯಲ್ಲೇ ಇದ್ದಳು.

“ಟ್ರ್ಯಾಕ್ಟರ್ ತಿರುಗಾಕ ಜಾಗ ಎಲ್ಲೈತಕ್ಕ? ಈರಿ ಮ್ಯಾಲೆ ಹಾಯಿಸಲೇನು?”

ಈರಕ್ಕನನ್ನು ಮಣ್ಣು ಮಾಡಿದ್ದು ಆ ಹೊಲದ ಮೂಲೆಯಲ್ಲೇ, ಬೇವಿನ ಗಿಡದ ಪಕ್ಕ.

ಇಂಜಿನ್ ರಿಪೇರಿಯ ಮಂಜಣ್ಣ ಪಾಲಾಕ್ಷಪ್ಪನ ಜೊತೆ ಕುರಿ ಕಾಯುತ್ತ ಬೆಳೆದವನು. ಅಂಗಳದಲ್ಲಿ ಹಳೆಯ ಕಂಬಳಿ ಹಾಸಿ ಇಬ್ಬರೂ ಟಿಲ್ಲರನ್ನು ಬಿಚ್ಚಿದರು. ಬ್ಲೇಡುಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದರು. ಟ್ಯಾಂಕಿನ ತಳದ ಕೆಸರು ತೆಗೆದು ತೊಳೆದರು. ಹೊಸ ಬೆಲ್ಟು, ಹೊಸ ಫಿಲ್ಟರು ಬಂದವು. ಮುಚ್ಚಳದ ಒಳಗಿನ ರಬ್ಬರ್ ವಾಷರು ಹರಿದು ಚಿಂದಿಯಾಗಿತ್ತು. ಮಂಜಣ್ಣ ಅದನ್ನು ಕಿತ್ತು ಹೊಸದು ಕೂರಿಸಿದ. ಮುಚ್ಚಳದ ಮೇಲ್ಭಾಗವನ್ನು ಮಾತ್ರ ಪಾಲಾಕ್ಷಪ್ಪ ಮುಟ್ಟಗೊಡಲಿಲ್ಲ.

“ಆತಪ್ಪ, ಅದನ್ನ ಹಂಗ ಬಿಡ್ತೀನಿ. ನಿನ್ನ ಮುಖಕ್ಕೂ ಒಂಚೂರು ಬಣ್ಣ ಬಳೀಲೇನು? ಅದೂ ತುಕ್ಕು ಹಿಡದೈತಿ,” ಎಂದ ಮಂಜಣ್ಣ.

ಪಾಲಾಕ್ಷಪ್ಪನ ಮೀಸೆ ಸ್ವಲ್ಪ ಅಲುಗಿತು. ಅಷ್ಟು ಕಂಡರೂ ಸಾಕಾಗಿತ್ತು ಮಂಜಣ್ಣನಿಗೆ.

ಹ್ಯಾಂಡಲ್ ಹಾಕಿ ತಿರುವಿದಾಗ ಇಂಜಿನ್ ಕಪ್ಪು ಹೊಗೆ ಉಗುಳಿ ಎದ್ದಿತು. ಕೀರ್ತನಾ ಅಂದು ಕೆಲಸಕ್ಕೆ ಹೋಗುವ ಬಸ್ಸನ್ನೇ ಬಿಟ್ಟು ನಿಂತಿದ್ದಳು. ಟಿಲ್ಲರು ಮನೆಯ ಕಡೆಯಿಂದ ಸಾಲು ಹಿಡಿದು ಬೇವಿನ ಗಿಡದವರೆಗೆ ಹೋಯಿತು. ಈರಕ್ಕನ ಸಮಾಧಿಯ ಹತ್ತಿರ ಬಂದು ಕೆಮ್ಮಿ, ನಿಂತುಬಿಟ್ಟಿತು.

ಮಂಜಣ್ಣ ಮುಚ್ಚಳ ಬಿಚ್ಚಿ ಡೀಸೆಲ್ ನೋಡಿದ. ಪೈಪಿನ ಗಾಳಿ ತೆಗೆದ. ಮತ್ತೆ ಎದ್ದಿತು. ಅಂಗಳಕ್ಕೆ ತಂದು ಮೊದಲಿನಿಂದ ಸಾಲು ಹಿಡಿದರು. ಮತ್ತೆ ಅದೇ ಜಾಗದಲ್ಲಿ ನಿಂತಿತು. ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿ ತೊಳೆದು, ಮಾರನೆಯ ದಿನ ಹೊಡೆದರು. ಅಂದೂ ಅಷ್ಟೇ.

ಕೆಂಚಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ತಮ್ಮಾ, ಆಕಿ ಹಿಡದು ನಿಲ್ಲಸ್ತಾಳ. ಅಮ್ಮಗ ಹೂವು ಮುಟ್ಟಿಲ್ಲ, ಆಕಿಗೆ ಸಮಾಧಾನ ಇಲ್ಲ. ಇದನ್ನ ಗುಜರಿಗೆ ಹಾಕು.”

“ಸುಮ್ನಿರು ಅತ್ತೀ,” ಎಂದಳು ಕೀರ್ತನಾ. ಅವಳ ದನಿಯೂ ಗಟ್ಟಿಯಾಗಿರಲಿಲ್ಲ.

ಜೀವಮಾನದಲ್ಲಿ ಈರಕ್ಕ ಪಾಲಾಕ್ಷಪ್ಪನ ಮೇಲೆ ಮುನಿದು ಒಂದು ಹೊತ್ತು ಊಟ ಬಿಟ್ಟವಳಲ್ಲ. ಈಗ ಮುನಿದಿರಬಹುದೇ? ಸತ್ತವರ ಮನಸ್ಸು ಇದ್ದವರಿಗೆ ಹೇಗೆ ತಿಳಿಯಬೇಕು? ಎಲ್ಲರೂ ಹೋದ ಮೇಲೂ ಅವನು ಕೆಟ್ಟು ನಿಂತಿದ್ದ ಟಿಲ್ಲರಿನ ಪಕ್ಕದಲ್ಲೇ ಕುಳಿತ. “ಮೈಲಾರಾ, ಆಕಿ ಮನಸ್ಸಿನ್ಯಾಗ ಏನೈತಿ ಅಂತ ನೀನರ ಹೇಳು,” ಎಂದು ಕೈಮುಗಿದ. ಆಮೇಲೆ ಈರಕ್ಕನ ಬೆರಳ ಗುರುತಿನ ಮೇಲೆ ತನ್ನ ಬೆರಳು ಇಟ್ಟ. ಡೀಸೆಲ್ ನೋಡೋಣವೆಂದು ಮುಚ್ಚಳ ತಿರುಗಿಸಿದ. ಅದು ಸಡಿಲಾಗಲಿಲ್ಲ. ಒಳಗಿನಿಂದ ಯಾರೋ ಹಿಡಿದೆಳೆದ ಹಾಗಿತ್ತು. ಬಲ ಹಾಕಿದಾಗ ಟ್ಯಾಂಕು ಸುಯ್ಯೆಂದು ಗಾಳಿ ಎಳೆದುಕೊಂಡಿತು. ಬಹಳ ಹೊತ್ತು ಉಸಿರು ಕಟ್ಟಿದ್ದವರು ಒಮ್ಮೆಲೇ ಎಳೆದುಕೊಂಡಂತೆ.

ಅವನು ಮುಚ್ಚಳವನ್ನು ಬಿಗಿಮಾಡದೆ ಸುಮ್ಮನೆ ಮೇಲಿಟ್ಟು ಹ್ಯಾಂಡಲ್ ತಿರುವಿದ. ಇಂಜಿನ್ ಎದ್ದಿತು. ನಿಂತಲ್ಲೇ ಓಡಿತು. ನಿಲ್ಲಲೇ ಇಲ್ಲ.

ಸದ್ದು ಕೇಳಿ ಮಂಜಣ್ಣ ಓಡಿ ಬಂದ.

“ಲೇ ಮಂಜ, ಈ ಮುಚ್ಚಳಕ್ಕ ತೂತು ಇರತೈತೇನು?”

“ಇರತೈತಿ. ಡೀಸೆಲ್ ಇಳದಂಗ ಒಳಗ ಗಾಳಿ ಹೋಗಬೇಕಲ್ಲ.” ಮಂಜಣ್ಣ ಮುಚ್ಚಳ ಮಗುಚಿದ. ಒಳಗಡೆ ಸಣ್ಣ ತೂತಿತ್ತು. ಮೇಲ್ಗಡೆ ಭಂಡಾರ ಮಾತ್ರ. ಅವನಿಗೆ ನಗು ಬಂತು. ಬೆರಳ ಗುರುತು ಕಂಡು ನಗು ನಿಂತಿತು. “ಹಳೇ ವಾಷರ್ ಹರದಿತ್ತು. ಆ ಸಂದ್ಯಾಗ ಗಾಳಿ ಹೋಗತಿತ್ತು. ನಾನು ಹೊಸದು ಹಾಕಿ ಅದನ್ನೂ ಮುಚ್ಚಿಬಿಟ್ಟೆ. ಟ್ಯಾಂಕಿನ್ಯಾಗ ಇದ್ದ ಗಾಳಿ ಮನಿಯಿಂದ ಬೇವಿನ ಗಿಡದ ತನಕ ಒಂದು ಉಸಿರು, ಅಷ್ಟ.” ಮುಚ್ಚಳವನ್ನು ಪಾಲಾಕ್ಷಪ್ಪನ ಕೈಗೆ ಕೊಟ್ಟು ಹೇಳಿದ, “ಹರಪನಹಳ್ಳಿಯಿಂದ ಬ್ಯಾರೆ ಮುಚ್ಚಳ ತರತೀನಿ. ಇದನ್ನ ಜಗಲಿ ಮ್ಯಾಲೆ ಇಟ್ಟುಬಿಡು.”

ಪಾಲಾಕ್ಷಪ್ಪ ಮುಚ್ಚಳವನ್ನು ಒಯ್ದು ದೇವರ ಜಗಲಿಯ ಮೇಲೆ, ಭಂಡಾರದ ಬಟ್ಟಲಿನ ಪಕ್ಕ ಇಟ್ಟ. ಬೆಳಿಗ್ಗೆ ಸ್ನಾನ ಮಾಡಿ ಬಂದು ಪೂಜೆಗೆ ಕುಳಿತಾಗ ಎರಡೂ ಒಟ್ಟಿಗೆ ಕಣ್ಣಿಗೆ ಬಿದ್ದವು. ಬಟ್ಟಲು ಎಂದಿನಂತೆ ಅರ್ಧ ಖಾಲಿಯಾಗಿತ್ತು. ಮೈಲಾರದಿಂದ ತಂದ ಭಂಡಾರವನ್ನು ಡಬ್ಬಿಗೆ ತುಂಬಿ ಎತ್ತಿಡಹೋದಾಗಲೆಲ್ಲ ಈರಕ್ಕ ಅವನ ಕೈ ತಡೆದು, “ಇದು ಹಚ್ಚಿಕೊಳ್ಳಾಕ ಐತಿ, ಕೂಡಿಡಾಕಲ್ಲ,” ಎನ್ನುತ್ತಿದ್ದಳು. ಬಂದವರ ಹಣೆಗೆಲ್ಲ ಹಚ್ಚಿ ಮುಗಿಸುತ್ತಿದ್ದಳು.

ಅವನು ಕಂಬಳಿ ಹೊಲಿಯುವ ಅವಳ ದಬ್ಬಣವನ್ನು ಗೂಡಿನಿಂದ ತೆಗೆದುಕೊಂಡು ಅಂಗಳಕ್ಕೆ ಬಂದ. ಬಿಳಿ ಬಟ್ಟೆ ಹಾಸಿ ಮುಚ್ಚಳವನ್ನು ಅಂಚಿನಿಂದ ಕೆರೆಯತೊಡಗಿದ. ಮಂಜಣ್ಣ ಬಂದು ನೋಡಿ, ಹೊಸ ಮುಚ್ಚಳದ ಮಾತೆತ್ತಲಿಲ್ಲ. ಕೆಳಗಿನ ಪದರಗಳು ಕಪ್ಪಾಗಿದ್ದವು, ಮೇಲಿನವು ಇನ್ನೂ ಹಳದಿ. ಕೊನೆಗೆ ಮೂರು ಬೆರಳಿನ ಗುರುತು ಮಾತ್ರ ಉಳಿಯಿತು. ಪಾಲಾಕ್ಷಪ್ಪನ ಕೈ ನಿಂತಿತು. ಮೈಲಾರನ ಹೆಸರಲ್ಲಿ “ಏಳುಕೋಟಿ” ಎಂದು ಮೆಲ್ಲಗೆ ಹೇಳಿ, ಅದನ್ನೂ ಎಬ್ಬಿಸಿದ. ಕೆಳಗೆ ಸಾಸಿವೆಕಾಳಿನಷ್ಟು ತೂತು ಕಂಡಿತು.

ಬಟ್ಟೆಯಲ್ಲಿ ಬಿದ್ದ ಹಳದಿ ಪುಡಿಯನ್ನು ತನ್ನ ಹಣೆಗೆ ಹಚ್ಚಿಕೊಂಡ. ಮಗಳಿಗೆ ಹಚ್ಚಿದ, ಅಕ್ಕನಿಗೆ ಹಚ್ಚಿದ. ಮಂಜಣ್ಣ ತಾನೇ ತಲೆ ಬಗ್ಗಿಸಿದ. ಉಳಿದದ್ದನ್ನು ಸಮಾಧಿಯ ಮಣ್ಣಿಗೆ ಬೆರೆಸಿ ಬಂದ.

“ಈರವ್ವಾ, ನಿನ್ನ ಮ್ಯಾಲೆ ಇಲ್ಲದ್ದು ಹೊರಿಸಿದೆನವ್ವಾ,” ಎಂದು ಕೆಂಚಕ್ಕ ಅಲ್ಲೇ ಕುಳಿತು ಅತ್ತಳು.

ಮಂಜಣ್ಣ ಮುಚ್ಚಳ ಕೂರಿಸಿ ಟಿಲ್ಲರನ್ನು ಅಂಗಳಕ್ಕೆ ತಂದಿದ್ದ. ಇನ್ನು ಅದು ಅಂಗಳ ಬಿಡಬೇಕು. ಕೀರ್ತನಾ ಜಗಲಿಯ ಬಟ್ಟಲು ತಂದು, ಅವ್ವನ ಹಾಗೆಯೇ ಮೂರು ಬೆರಳಲ್ಲಿ ಭಂಡಾರ ತೆಗೆದು, ಅವ್ವನ ಹಾಗೆಯೇ ಮುಚ್ಚಳದ ಕಡೆ ಕೈ ಚಾಚಿದಳು. ಪಾಲಾಕ್ಷಪ್ಪ ಅವಳ ಮುಂಗೈ ಹಿಡಿದ.

“ಅಲ್ಲಿ ಬ್ಯಾಡವ್ವ. ಅದು ಉಸಿರಾಡ್ಲಿ.”

ಅವಳ ಕೈಯನ್ನು ಮುಂದಿನ ದೀಪದ ಮೇಲಿನ ತಗಡಿಗೆ ಒಯ್ದ. ಅಲ್ಲಿ ಒತ್ತಿದಳು. ಹಳದಿ ಗುರುತು ಮೂಡಿತು, ಅವ್ವನದಕ್ಕಿಂತ ತೆಳ್ಳಗೆ.

ಟಿಲ್ಲರು ಸಾಲು ಹಿಡಿಯಿತು. ಬೇವಿನ ಗಿಡ ಹತ್ತಿರ ಬಂದಂತೆ ಪಾಲಾಕ್ಷಪ್ಪನ ಕೈ ತಾನಾಗಿ ಬಿಗಿಯಾಯಿತು. ಇಂಜಿನ್ ಕೆಮ್ಮಲಿಲ್ಲ. ಸಮಾಧಿಯ ಬದಿಯಲ್ಲಿ ಕ್ಲಚ್ ಒತ್ತಿ, ಹಿಡಿಗಳನ್ನು ಎತ್ತಿ, ಮಣ್ಣು ಅವಳ ಮೇಲೆ ಹಾರದಂತೆ ತಿರುಗಿಸಿ, ಮನೆಯ ಕಡೆಗೆ ಎರಡನೆಯ ಸಾಲು ಹಿಡಿದ. ಕಣ್ಣಿಗೆ ಬಂದದ್ದನ್ನು ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ.

ಕೆಂಚಕ್ಕ ಮಡಿಯಿಂದ ಸಸಿ ಕಿತ್ತು ಬುಟ್ಟಿಗೆ ಹಾಕತೊಡಗಿದ್ದಳು.